ಬೇಲಿಯಲ್ಲೇ ಇದೆ ಬಯಲುಸೀಮೆಯ ಚೆರ್ರಿ

ತುಮಕೂರಿನ ಬಿ.ಎಚ್. ರಸ್ತೆಯ ಒಂದು ಬೇಕರಿ. ಸಂಜೆಯ ಹೊತ್ತು. ತಂಗಿಯ ಮಗಳು ಕೇಕಿನ ತುಂಡಿನ ಮೇಲಿದ್ದ ಕೆಂಪು ಗುಂಡನ್ನು ಎರಡು ಬೆರಳಲ್ಲಿ ಹಿಡಿದು, ದೀಪದ ಬೆಳಕಿಗೆ ಎತ್ತಿ ನೋಡುತ್ತಿದ್ದಳು. ಗಾಜಿನ ಮಣಿಯಂತೆ ಹೊಳೆಯುತ್ತಿತ್ತು.

'ಮಾವ, ಚೆರ್ರಿ ಮರ ನಮ್ಮೂರಲ್ಲಿ ಎಲ್ಲೈತೆ?'

'ನಮ್ಮೂರಲ್ಲಿ ಇಲ್ಲ ಪುಟ್ಟಿ. ಅದು ಕಾಶ್ಮೀರದ ಹಣ್ಣು' ಎಂದೆ.

ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ಹಿರಿಯರು ತಲೆಯೆತ್ತಿದರು. 'ಕಾಶ್ಮೀರದ್ದು ಎಲ್ಲಿ ಬತ್ತದೆ ಸಾರ್? ಇದು ಕವಳೆಕಾಯಿ. ನಮ್ ಬೇಲಿಗಳಾಗೆ ಇರ್ತಿತ್ತಲ್ಲ, ಅದೇಯ.'

ಕವಳೆ ನನಗೆ ಗೊತ್ತಿಲ್ಲದ ಗಿಡವೇನಲ್ಲ. ಬೇಸಿಗೆ ರಜೆಯಲ್ಲಿ ಮುಳ್ಳಿಗೆ ಕೈ ಕೊಟ್ಟು, ಹಾಲು ಅಂಟಿದ ತುಟಿಯಲ್ಲೇ ಹಣ್ಣು ತಿಂದು ಬೆಳೆದವನು ನಾನು. ಆದರೂ ಅಂಗಡಿಯ ಕೆಂಪು ಚೆರ್ರಿಯೂ ಬೇಲಿಯ ಕಪ್ಪು ಕವಳೆಯೂ ಒಂದೇ ಎನ್ನುವುದು ನಡುವಯಸ್ಸು ದಾಟುವವರೆಗೂ ತಿಳಿದಿರಲಿಲ್ಲ. ಅದಕ್ಕೂ ಮೊದಲು ನಾಲ್ಕು ವರ್ಷ ನಾನು ಮನೆಯ ಹಿತ್ತಿಲಲ್ಲಿ ನಿಜವಾದ ಚೆರ್ರಿಯನ್ನೇ ಬೆಳೆಸಲು ಹೆಣಗಿದ್ದೆ.

ಚಳಿ ಎಣಿಸುವ ಮರ

ಸಸ್ಯಮೇಳವೊಂದರಲ್ಲಿ ಆ ಸಸಿ ಕೊಂಡಿದ್ದು. ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಮೊಣಕಾಲೆತ್ತರದ ಗಿಡ, ಕೊರಳಿಗೆ ಗೊಂಚಲು ಹಣ್ಣಿನ ಬಣ್ಣದ ಚಿತ್ರ. 'ಎರಡೇ ವರ್ಷಕ್ಕೆ ಕಾಯಿ ಬಿಡುತ್ತೆ' ಎಂದು ಮಾರಿದವರು ಹೇಳಿದರು. ಕೊಟ್ಟಿಗೆ ಗೊಬ್ಬರ, ಕೆಮ್ಮಣ್ಣು ಹಾಕಿ ನೆಟ್ಟೆ. ಮೊದಲ ವರ್ಷ ಎಲೆ ಚೆನ್ನಾಗಿ ಬಂತು. ಡಿಸೆಂಬರಿನಲ್ಲಿ ಉದುರಬೇಕಾದ ಎಲೆಗಳು ಅರ್ಧ ಉದುರಿ, ಅರ್ಧ ಒಣಗಿ ಕೊಂಬೆಗೇ ಜೋತುಬಿದ್ದವು. ಯುಗಾದಿಯ ಹೊತ್ತಿಗೆ ಬೇವು, ಮಾವು, ಹೊಂಗೆ ಎಲ್ಲ ಚಿಗುರಿದರೂ ಇದರ ಕೊಂಬೆಗಳ ತುದಿಯಲ್ಲಿ ಮಾತ್ರ ಒಂದೊಂದು ಹಿಡಿ ಎಲೆ, ಕೆಳಗೆಲ್ಲ ಬೋಳು. ಮೂರನೇ ವರ್ಷ ಕಾಂಡ ಬಿರಿದು ಜೇನಿನ ಬಣ್ಣದ ಅಂಟು ಸುರಿಯಿತು. ನಾಲ್ಕನೇ ಬೇಸಿಗೆಗೆ ಗಿಡ ಒಣಗಿತು. ಒಂದು ಹೂವನ್ನೂ ನೋಡಲಿಲ್ಲ.

ತಪ್ಪು ಗಿಡದ್ದಲ್ಲ. ಕಾಶ್ಮೀರದ ಶೋಪಿಯಾನ್, ಗಾಂದರ್‌ಬಲ್‌ಗಳಲ್ಲಿ ಬೆಳೆಯುವ ಸಿಹಿ ಚೆರ್ರಿ ಚಳಿಯನ್ನು ಲೆಕ್ಕ ಇಡುವ ಮರ. ಮುಂದಿನ ವರ್ಷದ ಹೂಮೊಗ್ಗುಗಳು ಹಿಂದಿನ ಬೇಸಿಗೆಯಲ್ಲೇ ರೂಪುಗೊಂಡು, ಶರತ್ಕಾಲದಲ್ಲಿ ಬಿಗಿಯಾಗಿ ಮುಚ್ಚಿ ನಿದ್ದೆ ಹೋಗುತ್ತವೆ. ಆ ನಿದ್ದೆ ತಿಳಿಯಬೇಕಾದರೆ ಸೊನ್ನೆಯಿಂದ 7 ಡಿಗ್ರಿ ಸೆಲ್ಸಿಯಸ್ ನಡುವಿನ ಚಳಿ ಇಂತಿಷ್ಟು ಗಂಟೆ ಸಿಗಲೇಬೇಕು. ಸಾಮಾನ್ಯ ತಳಿಗಳಿಗೆ ಇದು 800ರಿಂದ 1,000 ಗಂಟೆ, ಕೆಲವಕ್ಕೆ ಇನ್ನೂ ಹೆಚ್ಚು. ಸಾವಿರ ಗಂಟೆ ಎಂದರೆ ಹಗಲೂ ರಾತ್ರಿ ಸೇರಿ ಸುಮಾರು 42 ದಿನ. ಚಳಿನಾಡಿನ ಮರಕ್ಕೆ ಈ ಲೆಕ್ಕವೇ ಕಾವಲು. ಜನವರಿಯಲ್ಲಿ ನಾಲ್ಕು ದಿನ ಬಿಸಿಲು ಬಂತೆಂದು ಹೂ ಬಿಟ್ಟರೆ, ಮರುವಾರದ ಹಿಮಕ್ಕೆ ಅಷ್ಟೂ ಹೂ ಕಮರಿಹೋಗುತ್ತದೆ. ಅದಕ್ಕೇ ಚಳಿಗಾಲ ಪೂರಾ ಮುಗಿಯಿತು ಎಂದು ಖಾತ್ರಿಯಾಗುವವರೆಗೆ ಮೊಗ್ಗು ಬಾಯಿ ಬಿಡುವುದಿಲ್ಲ.

ನಮ್ಮ ತುಮಕೂರು ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ. ಸಂಕ್ರಾಂತಿಯ ಬೆಳಗಿನ ಜಾವ ನಾವು ಕಂಬಳಿ ಹೊದ್ದು ನಡುಗುವಾಗಲೂ ಉಷ್ಣಾಂಶ ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಚೆರ್ರಿಯ ಲೆಕ್ಕದ ಪುಸ್ತಕದಲ್ಲಿ ನಮ್ಮ ಇಡೀ ಚಳಿಗಾಲದ ಮೊತ್ತ ಸೊನ್ನೆ. ಇಲ್ಲಿ ಆ ಮರಕ್ಕೆ ನಿದ್ದೆಯೂ ಇಲ್ಲ, ಎಚ್ಚರವೂ ಇಲ್ಲ.

ಚಳಿ ಕಡಿಮೆ ಬೇಡುವ ತಳಿಗಳೂ ಇವೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬೆಳೆಸಿದ ಮಿನಿ ರಾಯಲ್, ರಾಯಲ್ ಲೀ ಎಂಬ ಜೋಡಿಗೆ 200ರಿಂದ 500 ಗಂಟೆ ಸಾಕು ಎನ್ನುತ್ತಾರೆ. ಆ ಎರಡನ್ನೂ ಅಕ್ಕಪಕ್ಕ ನೆಡಬೇಕು. ಒಂದರ ಪರಾಗವಿಲ್ಲದೆ ಇನ್ನೊಂದು ಕಾಯಿ ಕಟ್ಟುವುದಿಲ್ಲ. ಆದರೆ 200 ಗಂಟೆಯನ್ನಾದರೂ ನಾವು ಎಲ್ಲಿಂದ ತರುವುದು? ಬೇಸಿಗೆಯ ಬಿಸಿಲು ಇನ್ನೊಂದು ತೊಡಕು. ಮೊಗ್ಗು ರೂಪುಗೊಳ್ಳುವ ಕಾಲದಲ್ಲಿ ತಾಪ 30 ಡಿಗ್ರಿ ಮೀರಿದರೆ ಒಂದೇ ತೊಟ್ಟಿನಲ್ಲಿ ಅಂಟಿಕೊಂಡ ಅವಳಿ ಹಣ್ಣುಗಳು ಹುಟ್ಟುತ್ತವೆ. ನಮ್ಮ ಏಪ್ರಿಲ್ ಹೇಗಿರುತ್ತದೆಂದು ಯಾರಿಗೂ ಹೇಳಬೇಕಿಲ್ಲ.

'ಸೇಬು ಬರುತ್ತದಲ್ಲ, ಚೆರ್ರಿ ಯಾಕೆ ಬರೋದಿಲ್ಲ?' ಎಂದು ರೈತರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಹಿಮಾಚಲದ ಬಿಲಾಸ್‌ಪುರದ ತಗ್ಗುಬೆಟ್ಟದಲ್ಲಿ ಹರಿಮನ್ ಶರ್ಮಾ ಎಂಬ ರೈತ ಗುರುತಿಸಿದ ಎಚ್‌ಆರ್‌ಎಂಎನ್-99 ಎಂಬ ಸೇಬು ಬಿಸಿಲನಾಡುಗಳಿಗೂ ಹೋಗಿದೆ; ಅದಕ್ಕಾಗಿ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಇಂಡೊನೇಷ್ಯಾದ ಜಾವಾ ದ್ವೀಪದ ಬಾಟು ಎಂಬಲ್ಲಿ ರೈತರು ಸೇಬಿನ ಎಲೆಗಳನ್ನೆಲ್ಲ ಕೈಯಿಂದ ಕಿತ್ತು, ಮರಕ್ಕೆ ಚಳಿಗಾಲ ಬಂದುಹೋಯಿತೆಂದು ನಂಬಿಸಿ, ವರ್ಷಕ್ಕೆ ಎರಡು ಬೆಳೆ ತೆಗೆಯುತ್ತಾರೆ. ಚೆರ್ರಿ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ.

ಹೂವಿಗಾಗಿ ಬೆಳೆಸುವ ಚೆರ್ರಿಗಳಲ್ಲಿ ಕೊಂಚ ಉದಾರಿಗಳಿವೆ. ಶಿಲ್ಲಾಂಗಿನ ಬೆಟ್ಟಗಳಲ್ಲಿ ಹಿಮಾಲಯದ ಕಾಡು ಚೆರ್ರಿ ನವೆಂಬರಿನಲ್ಲಿ ಅರಳುತ್ತದೆ. ಜಪಾನಿನ ಬೆಚ್ಚನೆಯ ಒಕಿನಾವಾ ದ್ವೀಪದಲ್ಲಿ ಬೇರೆಯೇ ಒಂದು ಚೆರ್ರಿ ಜನವರಿಯಲ್ಲಿ ಹೂ ಬಿಡುತ್ತದೆ. ಜಪಾನಿನ ಮುಖ್ಯ ದ್ವೀಪಗಳಲ್ಲಿ ಹೂವು ದಕ್ಷಿಣದಿಂದ ಉತ್ತರಕ್ಕೆ ಹರಡಿದರೆ, ಅಲ್ಲಿ ಉತ್ತರದಿಂದ ದಕ್ಷಿಣಕ್ಕೆ. ಬೇಕಾದ ಚಳಿ ಮೊದಲು ತಟ್ಟುವುದು ಉತ್ತರಕ್ಕಲ್ಲವೆ! ಬೆಂಗಳೂರು, ತುಮಕೂರುಗಳ ರಸ್ತೆಗಳಲ್ಲಿ ಗುಲಾಬಿ ಬಣ್ಣ ಸುರಿಸುವ ಮರವನ್ನು ಮೊಬೈಲಿನ ಚಿತ್ರಗಳಲ್ಲಿ ನಮ್ಮವರು ಚೆರ್ರಿ ಎಂದು ಕರೆಯುತ್ತಾರೆ. ಅದು ದಕ್ಷಿಣ, ಮಧ್ಯ ಅಮೆರಿಕದಿಂದ ಬಂದ ಟಬೆಬುಯಾ. ಅದಕ್ಕೆ ಬರುವುದು ಒಣಕಾಯಿ; ತಿನ್ನುವ ಹಣ್ಣಲ್ಲ.

ಹಕ್ಕಿ ನೆಟ್ಟ ಮರ

ನನ್ನ ಚೆರ್ರಿ ಸತ್ತ ಮಳೆಗಾಲದಲ್ಲಿ ಅದೇ ಪಾತಿಯಲ್ಲಿ ಮೃದುವಾದ ರೋಮವಿರುವ, ಮುಟ್ಟಿದರೆ ಕೊಂಚ ಅಂಟುವ ಎಲೆಯ ಸಸಿಯೊಂದು ತಾನಾಗಿ ಎದ್ದಿತು. ಒಂದೂವರೆ ವರ್ಷಕ್ಕೆ ನನ್ನ ತಲೆ ಮೀರಿ ಬೆಳೆದು ಬಿಳಿ ಹೂ ಬಿಟ್ಟಿತು. ಗಸಗಸೆ ಹಣ್ಣಿನ ಮರ! ಗುಬ್ಬಿಯಲ್ಲಿರುವ ದೊಡ್ಡಮ್ಮನ ಮನೆಯ ಮುಂದೆ ಇಂಥದೇ ಒಂದು ಮರವಿದೆ. ಯಾರು ನೆಟ್ಟಿದ್ದು ಎಂದು ಕೇಳಿದರೆ ಅವರ ಉತ್ತರ ಒಂದೇ: 'ನೆಟ್ಟೋರು ಯಾರೂ ಇಲ್ಲ ಕಣಪ್ಪ, ಹಕ್ಕಿ ನೆಟ್ಟಿದ್ದು.'

ಹಣ್ಣನ್ನು ಹಿಸುಕಿದರೆ ಒಳಗೆ ಸಾವಿರಾರು ಬೀಜ, ಗಸಗಸೆಗಿಂತಲೂ ಸಣ್ಣವು. ಹೆಸರು ಬಂದದ್ದು ಅದರಿಂದ. ನರ್ಸರಿಯವರ ಬಾಯಲ್ಲಿ ಇದು ಸಿಂಗಪುರ ಚೆರ್ರಿ. ಇಂಗ್ಲಿಷ್ ಪುಸ್ತಕಗಳಲ್ಲಿ ಜಮೈಕಾ ಚೆರ್ರಿ. ಹುಟ್ಟೂರು ಮೆಕ್ಸಿಕೊದ ದಕ್ಷಿಣ ಭಾಗದಿಂದ ದಕ್ಷಿಣ ಅಮೆರಿಕದವರೆಗಿನ ಬಿಸಿನಾಡು. ಶಾಸ್ತ್ರೀಯವಾಗಿ ಮುಂಟಿಂಜಿಯ ಕಲಬುರ. ಡಚ್ ಸಸ್ಯಶಾಸ್ತ್ರಜ್ಞ ಅಬ್ರಹಾಂ ಮುಂಟಿಂಗ್ ಅವರ ನೆನಪಿನ ಹೆಸರು. ಚೆರ್ರಿಗೂ ಇದಕ್ಕೂ ರಕ್ತಸಂಬಂಧ ಏನೇನೂ ಇಲ್ಲ.

ಆ ಮರದ ಕೆಳಗೆ ಒಂದು ಬೆಳಗ್ಗೆ ಸುಮ್ಮನೆ ಕೂತು ನೋಡಬೇಕು. ಕೊಂಬೆಗಳು ಕೊಡೆಯ ಕಡ್ಡಿಗಳಂತೆ ಅಡ್ಡಡ್ಡ ಚಾಚಿರುತ್ತವೆ. ಎಲೆಯ ಬುಡದಲ್ಲಿ ಐದು ಬಿಳಿ ದಳದ, ನಡುವೆ ಹಳದಿ ಕೇಸರದ ಹೂವು ಮೇಲ್ಮುಖವಾಗಿ ಅರಳುತ್ತದೆ. ಅದರ ಆಯಸ್ಸು ಒಂದೇ ದಿನ. ಸಂಜೆಗೆ ದಳ ಉದುರುತ್ತವೆ. ಮೇಲೆ ನಿಂತಿದ್ದ ತೊಟ್ಟು ನಿಧಾನಕ್ಕೆ ಬಾಗಿ ಕೊಂಬೆಯ ಅಡಿಗೆ ಇಳಿಯುತ್ತದೆ. ಹಸಿರು ಕಾಯಿ ಎಲೆಯ ನೆರಳಲ್ಲಿ ಜೋತಾಡುತ್ತ ಹಳದಿಗೆ, ಆಮೇಲೆ ಕೆಂಪಿಗೆ ತಿರುಗುತ್ತದೆ. ಮೇಲಿನಿಂದ ನೋಡಿದರೆ ಮರದ ತುಂಬ ಹೂವು. ಕೆಳಗೆ ನಿಂತು ಕತ್ತೆತ್ತಿದರೆ ತುಂಬ ಹಣ್ಣು. ಮಕ್ಕಳಿಗೆ ಹಣ್ಣು ಮೊದಲು ಕಾಣುವುದು ಅದಕ್ಕೇ.

ಮಾಗಿದ ಹಣ್ಣು ಬಾಯಿಗಿಟ್ಟರೆ ತೆಳುವಾದ ಬೆಲ್ಲದ ಪಾಕದ ರುಚಿ. ಆದರೆ ಮಾರುಕಟ್ಟೆಗೆ ಹೋಗುವ ಹಣ್ಣಲ್ಲ ಇದು. ಕಿತ್ತು ಬುಟ್ಟಿಗೆ ಹಾಕಿದರೆ ಒಂದರ ಭಾರಕ್ಕೆ ಇನ್ನೊಂದು ಒಡೆಯುತ್ತದೆ. ಹಾಗಾಗಿ ತೂಕದ ಲೆಕ್ಕಕ್ಕೆ ಸಿಗದೆ, ಮರದ ಕೆಳಗೆ ಯಾರಿರುತ್ತಾರೋ ಅವರದೇ ಆಗಿ ಉಳಿದಿದೆ. ನಮ್ಮ ಕಡೆಯ ಅತಿ ಸಣ್ಣ ಹಕ್ಕಿಗಳಲ್ಲೊಂದಾದ ಬದನಿಕೆ ಹಕ್ಕಿ ಇದರ ಖಾಯಂ ಗಿರಾಕಿ. ಕೋಗಿಲೆ, ಪಿಕಳಾರ, ಅಳಿಲು ಹಗಲಿನ ಸರದಿ. ಕತ್ತಲಾದ ಮೇಲೆ ಹಣ್ಣುಬಾವಲಿಗಳ ಸರದಿ; ಬೀಜವನ್ನು ದೂರ ದೂರಕ್ಕೆ ಒಯ್ದು ಗೋಡೆಯ ಬಿರುಕಿಗೂ ಬಿತ್ತುವುದರಲ್ಲಿ ಅವುಗಳ ಪಾಲೇ ದೊಡ್ಡದು. ಸೀಬೆ, ದ್ರಾಕ್ಷಿ ತೋಟದ ಅಂಚಿಗೆ ಇದನ್ನು ನೆಟ್ಟು, ಹಕ್ಕಿಗಳಿಗೆ ಅವುಗಳ ಪಾಲು ಕೊಟ್ಟು ಬೆಳೆ ಉಳಿಸಿಕೊಳ್ಳುವ ರೈತರಿದ್ದಾರೆ.

ಎರಡು ಎಚ್ಚರಿಕೆ ಹೇಳಲೇಬೇಕು. ಇದರ ಮರ ಹಗುರ; ಮುಂಗಾರಿನ ಮುಂಚಿನ ಗಾಳಿಗೆ ಕೊಂಬೆ ಮುರಿಯುತ್ತದೆ. ಗೋಡೆ, ವಿದ್ಯುತ್ ತಂತಿಯಿಂದ ದೂರವಿರಲಿ. ಇನ್ನೊಂದು, ಬಾವಲಿ, ಹಕ್ಕಿ ಕಚ್ಚಿದ ಹಣ್ಣನ್ನು ಮಕ್ಕಳು ತಿನ್ನಬಾರದು. 2018ರಲ್ಲಿ ಕೇರಳದ ಕೋಯಿಕ್ಕೋಡಿನಲ್ಲಿ ನಿಪಾ ಕಾಣಿಸಿಕೊಂಡ ಮೇಲೆ ಈ ಮಾತಿಗೆ ತೂಕ ಹೆಚ್ಚಿದೆ. ಇಡಿಯಾದ ಹಣ್ಣನ್ನೇ ಕಿತ್ತು, ತೊಳೆದು ಕೊಟ್ಟರೆ ಸಾಕು. ಮರ ಕಡಿಯಬೇಕಿಲ್ಲ.

ತೆಂಗಿನ ತೋಟದ ಅಂಚಿಗೆ

ಚೆರ್ರಿ ಎನ್ನುವುದು ಈಗ ಒಂದು ಹಣ್ಣಿನ ಹೆಸರಾಗಿ ಉಳಿದಿಲ್ಲ. ಸಣ್ಣಗೆ, ಗುಂಡಗೆ, ಕೆಂಪಗೆ ಇರುವುದಕ್ಕೆಲ್ಲ ಅದೇ ಹೆಸರು. ನಮ್ಮ ಮಲೆನಾಡಿನಲ್ಲಿ ಕಾಫಿ ಹಣ್ಣನ್ನು ಸಿಪ್ಪೆಸಹಿತ ಒಣಗಿಸಿದರೆ ಅದೂ 'ಚೆರಿ'. ಪೇಟೆ ಧಾರಣೆಯಲ್ಲಿ ದಿನವೂ ಅಚ್ಚಾಗುತ್ತದೆ. ಈ ಎರವಲು ಹೆಸರಿನ ಹಣ್ಣುಗಳಲ್ಲಿ ನಮ್ಮ ಬಿಸಿಲಿಗೆ ಒಗ್ಗುವವು ಎರಡನ್ನು ಹೇಳಬೇಕು.

ಒಂದು, ಅಸೆರೋಲಾ ಅಥವಾ ಬಾರ್ಬಡೋಸ್ ಚೆರ್ರಿ. ಕುಣಿಗಲ್ ಬಳಿಯ ಸ್ನೇಹಿತರೊಬ್ಬರ ತೆಂಗಿನ ತೋಟದ ಅಂಚಿನಲ್ಲಿ, ಬಿಸಿಲು ಬೀಳುವ ಕಡೆ, ಇದರ ಎರಡು ಗಿಡಗಳಿವೆ. ಆಳೆತ್ತರದ ಪೊದೆ, ನಸುಗೆಂಪು ಹೂವು. ಕನ್ನಡ ಕಾವ್ಯಗಳ ಮಾಧವಿ ಬಳ್ಳಿಯ ಕುಟುಂಬದ್ದು. ಹೂವಿನ ದಳಗಳ ಸುಕ್ಕು ನೋಡಿದರೆ ನೆಂಟಸ್ತಿಕೆ ಗೊತ್ತಾಗುತ್ತದೆ. ಒಂದು ಹದ ಮಳೆ ಬಿದ್ದರೆ ಹೂ ಬಿಟ್ಟು, ಮೂರು ನಾಲ್ಕು ವಾರಕ್ಕೆ ಹಣ್ಣು ಕೆಂಪಾಗುತ್ತದೆ. ಹುಳಿಮಿಶ್ರಿತ ಸಿಹಿ. 100 ಗ್ರಾಂ ಹಣ್ಣಿನಲ್ಲಿ ಸುಮಾರು 1,600 ಮಿಲಿಗ್ರಾಂ 'ಸಿ' ಜೀವಸತ್ವ. ಕಿತ್ತಳೆಯಲ್ಲಿ ಇರುವುದು 50ರ ಆಸುಪಾಸು. ಬ್ರೆಜಿಲ್ ಇದನ್ನು ದೊಡ್ಡ ಪ್ರಮಾಣದಲ್ಲಿ ಬೆಳೆದು ರಸ, ಪುಡಿ ಮಾಡಿ ಹೊರದೇಶಗಳಿಗೆ ಕಳಿಸುತ್ತದೆ. ಹಣ್ಣು ಮೂರು ನಾಲ್ಕು ದಿನಕ್ಕೆ ಹುಳಿತು ಹೋಗುವುದರಿಂದ ನಮ್ಮಲ್ಲಿ ಸದ್ಯಕ್ಕೆ ಇದು ಮನೆಬಳಕೆಯ ಗಿಡ. ಗೂಟಿ ಕಟ್ಟಿ ಸಸಿ ಮಾಡಬಹುದು, ದೊಡ್ಡ ಕುಂಡದಲ್ಲೂ ಬರುತ್ತದೆ. ಮಹಡಿ ಮೇಲೆ ಬಿಸಿಲಿರುವ ತುಮಕೂರಿನ ಮನೆಗಳಿಗೆ ನಾನು ಮೊದಲು ಹೇಳುವ ಹೆಸರು ಇದೇ.

ಇನ್ನೊಂದು, ಸುರಿನಾಮ್ ಚೆರ್ರಿ. ಎಂಟು ಏಣಿನ ಪುಟ್ಟ ಕುಂಬಳದಂಥ ಹಣ್ಣು, ನೇರಳೆ-ಸೀಬೆಗಳ ಕುಟುಂಬದ್ದು. ಪೂರ್ತಿ ಕಡುಗೆಂಪಾಗುವ ಮೊದಲು ಕಿತ್ತರೆ ಕರ್ಪೂರದಂಥ ಘಾಟು. ಮುಟ್ಟಿದರೆ ಕೈಗೇ ಉದುರುವಷ್ಟು ಮಾಗಲು ಬಿಡಬೇಕು.

ಕವಳೆಯ ವೇಷಾಂತರ

ಮತ್ತೆ ಬೇಕರಿಯ ಕೆಂಪು ಗುಂಡಿಗೆ ಬರುತ್ತೇನೆ. ಕವಳೆಗೆ ಸಂಸ್ಕೃತದಲ್ಲಿ ಕರಮರ್ದ, ಕರಾವಳಿಯಲ್ಲಿ ಕರಂಡೆ. ಕಣಗಿಲೆ, ಎಕ್ಕಗಳ ಕುಟುಂಬದ್ದಾದ್ದರಿಂದ ಮುರಿದರೆ ಹಾಲು ಬರುತ್ತದೆ. ಬೇಕರಿಗೆ ಬೇಕಾದ್ದು ಇನ್ನೂ ಹಣ್ಣಾಗದ, ಗಟ್ಟಿ ಕಾಯಿ. ಅದನ್ನು ಉಪ್ಪುನೀರಲ್ಲಿ ನೆನೆಹಾಕಿ ಹಾಲು, ಒಗರು ತೆಗೆಯುತ್ತಾರೆ. ಬೀಜ ತೆಗೆದು, ಬಿಳಿಚಿಸಿ, ಬೇಯಿಸಿ, ಬಣ್ಣ ಹಾಕುತ್ತಾರೆ. ಆಮೇಲೆ ಸಕ್ಕರೆ ಪಾಕದಲ್ಲಿ ದಿನಗಟ್ಟಲೆ ಇಟ್ಟು, ಪಾಕವನ್ನು ದಿನದಿನಕ್ಕೂ ಗಟ್ಟಿ ಮಾಡುತ್ತ ಹೋಗುತ್ತಾರೆ. ಒಮ್ಮೆಲೇ ಗಟ್ಟಿ ಪಾಕಕ್ಕೆ ಹಾಕಿದರೆ ಕಾಯಿ ಸುಕ್ಕಾಗುತ್ತದೆ. ಹೀಗೆ ತನ್ನ ಹುಳಿ, ಒಗರು, ಬಣ್ಣ ಎಲ್ಲವನ್ನೂ ಕಳೆದುಕೊಂಡ ಮೇಲೆ ಕವಳೆಗೆ ಚೆರ್ರಿ ಎಂಬ ಹೆಸರು ಸಿಗುತ್ತದೆ.

ಆ ಕಡುಕೆಂಪಿಗೆ ಸಾಮಾನ್ಯವಾಗಿ ಬಳಸುವ ಬಣ್ಣ ಎರಿಥ್ರೋಸಿನ್. ನಮ್ಮ ದೇಶದಲ್ಲಿ ಮಿತಿಯೊಳಗೆ ಇದಕ್ಕೆ ಅನುಮತಿ ಇದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ 2025ರ ಜನವರಿಯಲ್ಲಿ ಆಹಾರದಲ್ಲಿ ಇದರ ಬಳಕೆಯ ಅನುಮತಿಯನ್ನು ಹಿಂತೆಗೆದುಕೊಂಡಿತು. ನನ್ನನ್ನು ಕಾಡುವುದು ಬಣ್ಣವೊಂದೇ ಅಲ್ಲ. ಮರದಲ್ಲೇ ಮಾಗಿದ ಕವಳೆಗೆ ಯಾರೂ ಬಣ್ಣ ಹಾಕಬೇಕಿಲ್ಲ. ಅದರ ರಸವೇ ದಟ್ಟ ಕೆಂಪು. ಪೆಕ್ಟಿನ್ ಧಾರಾಳವಾಗಿರುವುದರಿಂದ ಜೆಲ್ಲಿ ತಾನಾಗಿ ಕಟ್ಟುತ್ತದೆ. ದೊಡ್ಡಮ್ಮ ಎಳೆಗಾಯಿಯ ಉಪ್ಪಿನಕಾಯಿ ಹಾಕುತ್ತಿದ್ದರು, ಹಣ್ಣಾದದ್ದನ್ನು ಬೆಲ್ಲದ ಜೊತೆ ಕುದಿಸಿ ಗೊಜ್ಜು ಮಾಡುತ್ತಿದ್ದರು. ಗೊಜ್ಜಿನ ಬಣ್ಣ ರಾಗಿಮುದ್ದೆಯ ಮೇಲೆ ಹರಿದಾಗ ನಮಗೆಲ್ಲ ಅದೇ ಹಬ್ಬ.

ಅಂಥ ಕವಳೆ ಈಗ ಎಲ್ಲಿದೆ? ದೇವರಾಯನದುರ್ಗದ ಕುರುಚಲು ಕಾಡಿನಲ್ಲಿ, ಹುಲಿಯೂರುದುರ್ಗದ ಕಡೆಯ ಗುಡ್ಡದ ಮಗ್ಗುಲಲ್ಲಿ ಉಳಿದಿದೆ. ಹೊಲದ ಬೇಲಿಯಿಂದ ಹೋಗಿಬಿಟ್ಟಿದೆ. ನಮ್ಮ ಬಾಲ್ಯದ ಬೇಲಿ ಎಂದರೆ ಕತ್ತಾಳೆ, ಕಳ್ಳಿ, ಕವಳೆ, ಕಾರೆ, ಲಕ್ಕಿ ಹೆಣೆದುಕೊಂಡ ಹಸಿರು ಗೋಡೆ. ಹಂದಿ, ದನ ನುಗ್ಗುತ್ತಿರಲಿಲ್ಲ. ಹಾವು, ಓತಿ, ಕೌಜುಗ, ಜೇನು ಅಲ್ಲೇ ಬಾಳುತ್ತಿದ್ದವು. ಜೆಸಿಬಿ ಬಂದು ಒಂದೇ ಮಧ್ಯಾಹ್ನದಲ್ಲಿ ಬದು ಬೋಳಿಸಿತು. ಕಲ್ಲುಕಂಬ, ಮುಳ್ಳುತಂತಿ ಬಂತು. ತಂತಿಬೇಲಿ ಹಣ್ಣು ಕೊಡುವುದಿಲ್ಲ, ತುಕ್ಕು ಹಿಡಿಯುತ್ತದೆ.

ಚೇಳೂರು ಕಲಿಸಿದ್ದು

ಬೇಲಿಗೆ ಮತ್ತೆ ಕವಳೆ ನೆಡೋಣ ಎಂದು ನಾಲ್ಕು ಜನರ ಮುಂದೆ ಹೇಳಿದಾಗ 'ಕಾಡುಹಣ್ಣಿಗೆ ಯಾರು ದುಡ್ಡು ಕೊಡ್ತಾರೆ' ಎಂಬ ಮಾತು ಬರುತ್ತದೆ. ಅವರಿಗೆ ನಾನು ಗುಬ್ಬಿ ತಾಲ್ಲೂಕಿನ ಚೇಳೂರನ್ನು ತೋರಿಸುತ್ತೇನೆ. ಹಲಸು ಅಲ್ಲಿ ಪ್ರತಿ ತೋಟದಲ್ಲೂ ಇತ್ತು, ಯಾರಿಗೂ ವಿಶೇಷವಾಗಿರಲಿಲ್ಲ. ಎಸ್.ಕೆ. ಸಿದ್ದಪ್ಪ ಎಂಬ ರೈತರು ನೆಟ್ಟ ಒಂದು ಮರ ಮಾತ್ರ ಬೇರೆಯಾಗಿತ್ತು: ಎರಡೂವರೆ ಕಿಲೋ ಆಸುಪಾಸಿನ ಪುಟ್ಟ ಹಣ್ಣು, ಒಳಗೆ ತಾಮ್ರಗೆಂಪು ತೊಳೆ. ತುಮಕೂರಿಗೆ ಹತ್ತಿರದ ಹಿರೇಹಳ್ಳಿಯಲ್ಲಿರುವ, ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರದ ವಿಜ್ಞಾನಿಗಳು ಅದನ್ನು ಪರಿಶೀಲಿಸಿ, 2017ರಲ್ಲಿ ಸಿದ್ದಪ್ಪನವರ ಮಗ ಪರಮೇಶ ಅವರೊಂದಿಗೆ ಒಪ್ಪಂದ ಮಾಡಿಕೊಂಡು ಕಸಿಗಿಡ ಮಾಡಿದರು. ಸಸಿ ಮಾರಾಟದ ಆದಾಯದ ಬಹುಪಾಲು ರೈತ ಕುಟುಂಬಕ್ಕೇ ಸೇರುವಂಥ ಒಪ್ಪಂದ ಅದು. ತಳಿಗೆ 'ಸಿದ್ದು' ಎಂದೇ ಹೆಸರಾಯಿತು. ಹೊರಗಿನಿಂದ ಯಾವುದೂ ಬರಲಿಲ್ಲ. ಸಾವಿರ ಮರಗಳ ನಡುವೆ ಒಂದನ್ನು ಗುರುತಿಸುವ ಕಣ್ಣು ಬೇಕಾಯಿತು, ಅಷ್ಟೆ.

ಕವಳೆಗೂ ಬೇಕಾದ್ದು ಅದೇ ಕಣ್ಣು. ಪೊದೆಯಿಂದ ಪೊದೆಗೆ ಕವಳೆಯ ರುಚಿ, ಗಾತ್ರ ಬೇರೆ. ಒಂದರದ್ದು ಬಟಾಣಿಯಷ್ಟು, ಒಂದರದ್ದು ಗೋಲಿಯಷ್ಟು. ಒಂದು ಹಲ್ಲು ಚುಳುಕ್ ಎನ್ನುವ ಹುಳಿ, ಇನ್ನೊಂದು ಸಕ್ಕರೆ. ಹಸು ಕಾಯುವ ಹುಡುಗರಿಗೆ ಯಾವ ಗುಡ್ಡದ ಯಾವ ಪೊದೆ ಸಿಹಿ ಎನ್ನುವುದು ಗೊತ್ತಿರುತ್ತಿತ್ತು. ಆ ತಿಳಿವಳಿಕೆ ಅವರ ಜೊತೆಗೇ ಮುಗಿದುಹೋಗುವ ಮುನ್ನ ಬರೆದಿಟ್ಟುಕೊಳ್ಳಬೇಕು. ನೆಡುವುದು ಕಷ್ಟವೇನಲ್ಲ. ಮಾಗಿದ ಹಣ್ಣಿನ ಬೀಜವನ್ನು ತಡಮಾಡದೆ ಬಿತ್ತಬೇಕು, ಒಣಗಿಸಿಟ್ಟರೆ ಮೊಳೆಯುವ ಶಕ್ತಿ ಬೇಗ ಕುಂದುತ್ತದೆ. ಬೇಲಿಗಾದರೆ ಎರಡು ಮೂರು ಅಡಿಗೊಂದು ಸಸಿ. ಮೊದಲ ಎರಡು ಬೇಸಿಗೆ ನೀರು ಕೊಟ್ಟರೆ ಆಮೇಲೆ ಅದು ನಿಮ್ಮನ್ನು ಏನೂ ಕೇಳುವುದಿಲ್ಲ.

ಕಳೆದ ಮೇ ತಿಂಗಳಲ್ಲಿ ಕುಣಿಗಲ್ ಸೀಮೆಯ ನೆಂಟರ ಹೊಲಕ್ಕೆ ಹೋಗಿದ್ದೆ. ಜೆಸಿಬಿಯ ಕೈಗೆ ಸಿಗದ ಒಂದು ಬಂಡೆಯ ಮರೆಯಲ್ಲಿ ಹಳೆಯ ಕವಳೆ ಪೊದೆಯೊಂದು ಉಳಿದಿತ್ತು. ಹಣ್ಣು ಗೋಲಿಯ ಗಾತ್ರ, ಒಗರು ಕಡಿಮೆ. ಅದರ ಕೊಂಬೆಗೆ ಕೆಂಪು ದಾರ ಕಟ್ಟಿ, 'ಇದೊಂದನ್ನ ಕಡೀಬೇಡಿ ಭಾವ' ಎಂದು ಹೇಳಿ ಬಂದೆ. ಆ ಹಣ್ಣಿನ ಬೀಜದ 19 ಸಸಿಗಳು ಈಗ ಹಾಲಿನ ಪ್ಯಾಕೆಟ್ಟುಗಳಲ್ಲಿ, ಗಸಗಸೆ ಮರದ ನೆರಳಿನಲ್ಲಿ ನಿಂತಿವೆ. ದಿನವೂ ನೀರು ಹಾಕುವವಳು ತಂಗಿಯ ಮಗಳು. ಪ್ಯಾಕೆಟ್ಟುಗಳ ಮೇಲೆ ಅವಳು ಪೆನ್ನಿನಲ್ಲಿ ಹೆಸರು ಬರೆದಿದ್ದಾಳೆ. ಚೆರ್ರಿ ಎಂದಲ್ಲ, ಕವಳೆ ಎಂದು.